ಸಮುದಾಯ ಆರೋಗ್ಯದಲ್ಲಿ ಪಿಎಚ್‌.ಡಿ.: ಕೋರ್ಸ್‌ವರ್ಕ್‌ನಿಂದ ವೈವಾವರೆಗೆ ಏನೇನು ಬೇಕು, ಏಕೆ ಬೇಕು

ಗದಗ ಮತ್ತು ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದ ಮೇಲೆ ಈ ಭಾಗದಲ್ಲಿ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳ ಸಂಖ್ಯೆ ಹೆಚ್ಚಿದೆ. ಹುಬ್ಬಳ್ಳಿಯ ವಿದ್ಯಾನಗರದ ಸರ್ಕಾರಿ ವೈದ್ಯಕೀಯ ಸಂಸ್ಥೆಯಲ್ಲಿಯೂ ಧಾರವಾಡ ಸಮೀಪದ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿಯೂ ಇಂಥ ವಿಭಾಗಗಳು ಮೊದಲಿನಿಂದ ಇವೆ. ಗದಗ ಬಳಿಯ ನಾಗಾವಿಯಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯನ್ನು ಕಲಿಸುತ್ತದೆ. ಹೀಗಾಗಿ ಎಂಪಿಎಚ್, ಎಂಎಸ್‌ಡಬ್ಲ್ಯೂ ಅಥವಾ ಎಂಎಸ್ಸಿ ನರ್ಸಿಂಗ್ ಮುಗಿಸಿದ ಈ ಭಾಗದ ಯುವಕ ಯುವತಿಯರಿಗೆ ಮುಂದಿನ ಮೆಟ್ಟಿಲಾದ ಪಿಎಚ್‌.ಡಿ. ಬಗ್ಗೆ ತಿಳಿಯುವ ಅಗತ್ಯ ಬಂದಿದೆ. ಅದೇ ಹೊತ್ತಿಗೆ, ಕೈಯಲ್ಲಿ ಪ್ರಶ್ನಾವಳಿ ಹಿಡಿದು ಬಂದವರಿಗೆ ಮಾಹಿತಿ ಕೊಡುವ, ಕೆಲವೊಮ್ಮೆ ಬೆರಳಿನಿಂದ ರಕ್ತದ ಹನಿಯನ್ನೂ ಕೊಡುವ ಮನೆಯವರಿಗೆ ಈ ಸಂಶೋಧನೆ ಯಾವ ಕಟ್ಟುಪಾಡಿನೊಳಗೆ ನಡೆಯುತ್ತದೆ ಎಂಬುದು ಗೊತ್ತಿರಬೇಕು.

ಪಿಎಚ್‌.ಡಿ. ನಿಯಮಗಳನ್ನು ಬರಿಯ ಕಾಗದಪತ್ರದ ಕಿರಿಕಿರಿ ಎಂದು ನೋಡುವವರು ಬಹಳ ಮಂದಿ. ಆದರೆ ಈ ವಿಷಯದಲ್ಲಿ ಪ್ರತಿಯೊಂದು ನಿಯಮದ ಹಿಂದೆ ಎರಡು ಪ್ರಶ್ನೆಗಳಲ್ಲಿ ಒಂದು ಇದ್ದೇ ಇರುತ್ತದೆ: ಹೇಳುತ್ತಿರುವುದು ನಿಜವೆಂದು ಹೇಗೆ ಗೊತ್ತು? ಮಾಹಿತಿ ಕೊಟ್ಟವರಿಗೆ ಅನ್ಯಾಯವಾಗಿಲ್ಲವೇ? ಈ ಎರಡನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದದ್ದು ಅರ್ಥವಾಗುತ್ತಾ ಹೋಗುತ್ತದೆ.

ಇದು ಯಾವ ಡಾಕ್ಟರ್ ಪದವಿ?

ಆಸ್ಪತ್ರೆಯ ವೈದ್ಯರು ಒಬ್ಬ ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ಸಮುದಾಯ ಆರೋಗ್ಯವು ಒಂದು ಊರು, ಒಂದು ತಾಲ್ಲೂಕು ಅಥವಾ ಒಂದು ಕಸುಬಿನ ಜನರನ್ನು ಒಟ್ಟಾಗಿ ನೋಡುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಕೆಮ್ಮು ಬಂದರೆ ಅದು ವೈದ್ಯರ ಕೆಲಸ. ಆ ಕೆಲಸ ಮಾಡುವವರಲ್ಲಿ ಕೆಮ್ಮು ಉಳಿದವರಿಗಿಂತ ಹೆಚ್ಚೇ, ಹೆಚ್ಚಿದ್ದರೆ ಘಾಟಿನಿಂದಲೇ ಅಥವಾ ಮನೆಯ ಒಲೆಯ ಹೊಗೆಯಿಂದಲೇ ಎಂದು ಕೇಳುವುದು ಸಮುದಾಯ ಆರೋಗ್ಯದ ಕೆಲಸ.

ಇಲ್ಲಿ ಮೂರು ಪದವಿಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಸಮುದಾಯ ವೈದ್ಯಶಾಸ್ತ್ರದ ಎಂಡಿ ಎಂಬುದು ಎಂಬಿಬಿಎಸ್ ಆದವರು ಮಾಡುವ ಮೂರು ವರ್ಷದ ವೈದ್ಯಕೀಯ ಸ್ನಾತಕೋತ್ತರ ಪದವಿ. ಎಂಪಿಎಚ್ ಸಾಮಾನ್ಯವಾಗಿ ಎರಡು ವರ್ಷದ್ದು, ವೈದ್ಯರಲ್ಲದವರಿಗೂ ತೆರೆದಿರುವಂಥದ್ದು. ಪಿಎಚ್‌.ಡಿ. ಸಂಶೋಧನಾ ಪದವಿ, ಇದನ್ನು ಪಡೆದವರು ಹೆಸರಿನ ಮೊದಲು ‘ಡಾ.’ ಎಂದು ಬರೆದುಕೊಳ್ಳಬಹುದು, ಆದರೆ ಇದರ ಬಲದ ಮೇಲೆ ಔಷಧ ಬರೆದುಕೊಡುವಂತಿಲ್ಲ. ಮೊದಲೆರಡರಲ್ಲಿ ಇದ್ದ ಜ್ಞಾನವನ್ನು ಕಲಿಯುತ್ತಾರೆ, ಮೂರನೆಯದರಲ್ಲಿ ಇಲ್ಲದ ಜ್ಞಾನವನ್ನು ಕಟ್ಟಿ ತೋರಿಸಬೇಕು.

ಪ್ರವೇಶ

ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ.ಗೆ ಆಧಾರವಾಗಿರುವುದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರ ನವೆಂಬರ್‌ನಲ್ಲಿ ಪ್ರಕಟಿಸಿದ ನಿಯಮಾವಳಿ. ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಾದವರಿಗೆ ಶೇ 5ರ ರಿಯಾಯಿತಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ಸ್ನಾತಕೋತ್ತರ ಪದವಿ ಇಲ್ಲದೆಯೂ ಅರ್ಜಿ ಹಾಕಬಹುದು. 2024-25ರಿಂದ ನೆಟ್, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕಗಳನ್ನೂ ಪಿಎಚ್‌.ಡಿ. ಪ್ರವೇಶಕ್ಕೆ ಬಳಸುವ ವ್ಯವಸ್ಥೆ ಬಂದಿದೆ, ಮತ್ತು ನೆಟ್ ವಿಷಯಗಳ ಪಟ್ಟಿಯಲ್ಲಿ ‘ಸೋಶಿಯಲ್ ಮೆಡಿಸಿನ್ ಅಂಡ್ ಕಮ್ಯುನಿಟಿ ಹೆಲ್ತ್’ ಎಂಬ ಪ್ರತ್ಯೇಕ ವಿಷಯವೇ ಇದೆ. ಇದು ನಮ್ಮ ಕಡೆಯ ಎಷ್ಟೋ ಅಭ್ಯರ್ಥಿಗಳಿಗೆ ಗೊತ್ತಿಲ್ಲದ ಸಂಗತಿ.

ಯಾವ ಸ್ನಾತಕೋತ್ತರ ಪದವಿಯವರು ಅರ್ಹರು ಎಂಬುದನ್ನು ಮಾತ್ರ ಆಯಾ ವಿಶ್ವವಿದ್ಯಾಲಯ ನಿರ್ಧರಿಸುತ್ತದೆ. ಒಂದು ಕಡೆ ಸಮಾಜಕಾರ್ಯ, ಸಂಖ್ಯಾಶಾಸ್ತ್ರ, ಮಾನವಶಾಸ್ತ್ರ ಓದಿದವರಿಗೂ ಅವಕಾಶವಿದ್ದರೆ ಮತ್ತೊಂದು ಕಡೆ ಆರೋಗ್ಯ ವಿಜ್ಞಾನದ ಪದವಿ ಕಡ್ಡಾಯವಾಗಿರಬಹುದು. ಆದ್ದರಿಂದ ಅರ್ಜಿ ಶುಲ್ಕ ಕಟ್ಟುವ ಮೊದಲು ಆ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದಬೇಕು. ನೌಕರಿಯಲ್ಲಿರುವವರು ಮೇಲಧಿಕಾರಿಗಳ ನಿರಾಕ್ಷೇಪಣಾ ಪತ್ರದೊಂದಿಗೆ ಅರೆಕಾಲಿಕವಾಗಿ ಸೇರಬಹುದು. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್‌.ಡಿ. ಕೊಡುವುದಕ್ಕೆ ನಿಯಮದಲ್ಲಿ ಅವಕಾಶವೇ ಇಲ್ಲ.

ಕೋರ್ಸ್‌ವರ್ಕ್: ಮತ್ತೆ ತರಗತಿ ಏಕೆ?

ಎಂಎ, ಎಂಎಸ್ಸಿ ಮುಗಿಸಿ ಬಂದವರನ್ನು ಮತ್ತೆ ಬೆಂಚಿನ ಮೇಲೆ ಕೂರಿಸುವುದೇಕೆ ಎಂಬ ಪ್ರಶ್ನೆ ಸಹಜ. ಸಮುದಾಯ ಆರೋಗ್ಯಕ್ಕೆ ಬರುವವರ ಹಿನ್ನೆಲೆ ಒಂದೇ ತೆರನಾಗಿರುವುದಿಲ್ಲ. ನರ್ಸಿಂಗ್ ಓದಿದವರಿಗೆ ರೋಗ ಗೊತ್ತು, ಸಂಖ್ಯಾಶಾಸ್ತ್ರ ಹೊಸದು. ಸಮಾಜಕಾರ್ಯ ಓದಿದವರಿಗೆ ಜನರೊಡನೆ ಮಾತನಾಡುವುದು ಗೊತ್ತು, ಹಿಮೋಗ್ಲೋಬಿನ್ ಅಳೆಯುವುದು ಗೊತ್ತಿಲ್ಲ. ಎಲ್ಲರನ್ನೂ ಒಂದು ಸಮಾನ ನೆಲೆಗೆ ತರುವುದು ಕೋರ್ಸ್‌ವರ್ಕ್‌ನ ಉದ್ದೇಶ.

ಕನಿಷ್ಠ 12 ಕ್ರೆಡಿಟ್ ಬೇಕು. ಒಂದು ಕ್ರೆಡಿಟ್ ಎಂದರೆ ಸುಮಾರು 15 ಗಂಟೆಗಳ ಪಾಠ, ಹಾಗಾಗಿ ಎಲ್ಲ ಸೇರಿ 180 ಗಂಟೆಗಳಷ್ಟಾಗುತ್ತದೆ. ಇದರಲ್ಲಿ ಸಂಶೋಧನಾ ವಿಧಾನ ಮತ್ತು ‘ಸಂಶೋಧನೆ ಹಾಗೂ ಪ್ರಕಟಣೆಯ ನೀತಿ’ ಎಂಬ ಎರಡು ಪತ್ರಿಕೆಗಳು ಎಲ್ಲ ವಿಷಯದವರಿಗೂ ಕಡ್ಡಾಯ. ಉಳಿದದ್ದು ವಿಷಯಕ್ಕೆ ಸಂಬಂಧಿಸಿದ್ದು: ಸಾಂಕ್ರಾಮಿಕ ರೋಗಶಾಸ್ತ್ರ, ಜೈವಿಕ ಸಂಖ್ಯಾಶಾಸ್ತ್ರ, ಆರೋಗ್ಯ ನೀತಿ, ಆರೋಗ್ಯ ಅರ್ಥಶಾಸ್ತ್ರ, ಪರಿಸರ ಆರೋಗ್ಯ ಮೊದಲಾದವುಗಳಲ್ಲಿ ಸಂಶೋಧನೆಗೆ ಬೇಕಾದವು. ಪಾಸಾಗಲು ಶೇ 55 ಬೇಕು. ಯುಜಿಸಿ ಮಾನ್ಯ ಮಾಡಿದ ಆನ್‌ಲೈನ್ ಕೋರ್ಸ್‌ಗಳನ್ನೂ ಸಲಹಾ ಸಮಿತಿಯ ಶಿಫಾರಸಿನ ಮೇಲೆ ಲೆಕ್ಕಕ್ಕೆ ಹಿಡಿಯಬಹುದು.

‘ಸಾಂಕ್ರಾಮಿಕ ರೋಗಶಾಸ್ತ್ರ’ ಎಂಬ ಹೆಸರು ಕೇಳಿ ಇದು ಕಾಲರಾ, ಡೆಂಗಿಗಳಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಳ್ಳಬಾರದು. ಒಂದು ಕಾಯಿಲೆ ಯಾರಿಗೆ, ಎಲ್ಲಿ, ಯಾವಾಗ, ಏಕೆ ಬರುತ್ತದೆ ಎಂಬುದನ್ನು ಜನಸಮೂಹದಲ್ಲಿ ಹುಡುಕುವ ಶಾಸ್ತ್ರ ಇದು. ಸಕ್ಕರೆ ಕಾಯಿಲೆಗೂ ರೈತರ ಆತ್ಮಹತ್ಯೆಗೂ ಇದೇ ವಿಧಾನ ಸಲ್ಲುತ್ತದೆ. ಇದು ಕಲಿಸುವ ಅತಿ ಮುಖ್ಯ ಪಾಠವೆಂದರೆ, ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬುದು. ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ಬೋರ್‌ವೆಲ್ ನೀರು ಕುಡಿಯುವವರಿಗೆ ಮೊಣಕಾಲು ನೋವು ಹೆಚ್ಚು ಕಂಡಿತು ಎಂದು ಊಹಿಸಿ. ಕಾರಣ ನೀರಿನ ಫ್ಲೋರೈಡ್ ಇರಬಹುದು. ಆದರೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸುವ ಶಕ್ತಿಯಿಲ್ಲದವರೇ ಬೋರ್‌ವೆಲ್ ನೀರು ಕುಡಿಯುತ್ತಿದ್ದರೆ, ಅವರೇ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿಯುವವರೂ ಆಗಿದ್ದರೆ? ಆಗ ನೋವಿಗೆ ದುಡಿಮೆ ಕಾರಣವಾಗಿದ್ದು, ನೀರಿನ ಮೇಲೆ ಆರೋಪ ಬರುತ್ತದೆ. ಹೀಗೆ ನಡುವೆ ಬಂದು ದಾರಿ ತಪ್ಪಿಸುವ ಮೂರನೆಯ ಸಂಗತಿಯನ್ನು ಗುರುತಿಸಿ, ಲೆಕ್ಕದಲ್ಲಿ ಬೇರ್ಪಡಿಸುವುದು ಹೇಗೆಂದು ಕಲಿಯದೆ ಕ್ಷೇತ್ರಕ್ಕೆ ಇಳಿದವರು ವರ್ಷಗಟ್ಟಲೆ ದುಡಿದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕೋರ್ಸ್‌ವರ್ಕ್ ಇದೊಂದು ಎಚ್ಚರವನ್ನು ಗಟ್ಟಿಯಾಗಿ ಕಲಿಸಿದರೂ ಸಾರ್ಥಕ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕ್ರಮ ಸ್ವಲ್ಪ ಬೇರೆ. ಅಲ್ಲಿ ತರಗತಿಗಳೇ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತವೆ. ಅದಾದ ಮೇಲೆ ಇಡೀ ವಿಷಯದ ಮೇಲೆ ಒಂದು ಅರ್ಹತಾ ಪರೀಕ್ಷೆ ಇರುತ್ತದೆ. ಅದರಲ್ಲಿ ಗೆದ್ದವರು ಮಾತ್ರ ಮಹಾಪ್ರಬಂಧದ ಪ್ರಸ್ತಾವ ಮಂಡಿಸಬಹುದು. ಹೊರದೇಶಕ್ಕೆ ಅರ್ಜಿ ಹಾಕುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಪ್ರಶ್ನೆ ಹುಟ್ಟುವುದು, ಸಿನಾಪ್ಸಿಸ್ ಆಗುವುದು

‘ಗರ್ಭಿಣಿಯರಲ್ಲಿ ರಕ್ತಹೀನತೆ’ ಎಂಬುದು ವಿಷಯ, ಪ್ರಶ್ನೆಯಲ್ಲ. ಅದು ಇರುವುದು ಎಲ್ಲರಿಗೂ ಗೊತ್ತು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆ ಇದೆ. ಸರ್ಕಾರ ದಿನಕ್ಕೊಂದರಂತೆ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆ ಕೊಡುವ ವ್ಯವಸ್ಥೆಯನ್ನೂ ಮಾಡಿದೆ. ಹಾಗಾದರೆ ಸಂಶೋಧನೆಯ ಪ್ರಶ್ನೆ ಹೀಗಿರಬಹುದು: ಕುಂದಗೋಳ ತಾಲ್ಲೂಕಿನಲ್ಲಿ ಮಾತ್ರೆ ಕೈಗೆ ಸಿಕ್ಕ ಗರ್ಭಿಣಿಯರಲ್ಲಿ ಎಷ್ಟು ಮಂದಿ ಅದನ್ನು ಪೂರ್ತಿ ನುಂಗುತ್ತಾರೆ, ಅರ್ಧಕ್ಕೆ ಬಿಡುವವರು ಏಕೆ ಬಿಡುತ್ತಾರೆ? ಇದಕ್ಕೆ ಉತ್ತರ ಹುಡುಕಬಹುದು, ಉತ್ತರ ಸಿಕ್ಕರೆ ಅದರಿಂದ ಪ್ರಯೋಜನವೂ ಇದೆ. ಇದೇ ಉದಾಹರಣೆಯನ್ನು ಹಿಡಿದು ಮುಂದೆ ಹೋಗೋಣ.

ಪ್ರಶ್ನೆಯನ್ನೂ ಅದಕ್ಕೆ ಉತ್ತರ ಹುಡುಕುವ ಯೋಜನೆಯನ್ನೂ ಬರೆದ ದಾಖಲೆಯೇ ಸಿನಾಪ್ಸಿಸ್. ಇದನ್ನು ಗೈಡ್ ಸಂಚಾಲಕರಾಗಿರುವ ಸಂಶೋಧನಾ ಸಲಹಾ ಸಮಿತಿಯ ಮುಂದೆ ಮಂಡಿಸಬೇಕು. ಮುಂದೆಯೂ ಪ್ರತಿ ಸೆಮಿಸ್ಟರ್‌ನಲ್ಲಿ ಸಂಶೋಧಕರು ಸಮಿತಿಯ ಎದುರು ಪ್ರಗತಿಯನ್ನು ವಿವರಿಸಬೇಕಾಗುತ್ತದೆ. ಒಬ್ಬ ಪ್ರೊಫೆಸರ್ ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗಿಂತ ಹೆಚ್ಚು ಸಂಶೋಧಕರಿಗೆ ಮಾರ್ಗದರ್ಶನ ನೀಡುವಂತಿಲ್ಲ. ಗೈಡ್ ಸಿಗುವುದು ಕಷ್ಟವಾಗಲು ಈ ಮಿತಿಯೂ ಒಂದು ಕಾರಣ.

ಎಷ್ಟು ಜನರನ್ನು, ಯಾರನ್ನು ಕೇಳಬೇಕು?

ತಾಲ್ಲೂಕಿನ ಎಲ್ಲ ಗರ್ಭಿಣಿಯರನ್ನೂ ಮಾತನಾಡಿಸಲು ಒಬ್ಬ ಸಂಶೋಧಕರಿಂದ ಆಗದು, ಕೆಲವರನ್ನು ಆರಿಸಬೇಕು. ಎಪಿಎಂಸಿಯಲ್ಲಿ ಜೋಳ ಕೊಳ್ಳುವವರು ಚೀಲದ ಬಾಯಲ್ಲಿ ಕಾಣುವ ಕಾಳನ್ನಷ್ಟೇ ನೋಡಿ ದರ ಹೇಳುವುದಿಲ್ಲ, ಮೊನಚು ಕೊಳವೆಯನ್ನು ಚೀಲದ ನಡುವಿಗೂ ಬುಡಕ್ಕೂ ಚುಚ್ಚಿ ಕಾಳು ತೆಗೆದು ನೋಡುತ್ತಾರೆ. ಸಮೀಕ್ಷೆಯಲ್ಲೂ ರಸ್ತೆ ಬದಿಯ, ಬಸ್ಸು ಹೋಗುವ, ಆಶಾ ಕಾರ್ಯಕರ್ತೆಯ ಮನೆಗೆ ಹತ್ತಿರದ ಗರ್ಭಿಣಿಯರನ್ನಷ್ಟೇ ಕೇಳಿದರೆ ಬಾಯಿಯ ಕಾಳನ್ನು ನೋಡಿದಂತಾಗುತ್ತದೆ. ಅದಕ್ಕಾಗಿ ಹಳ್ಳಿಗಳ ಪಟ್ಟಿ ಮಾಡಿ, ಯಾವ ಹಳ್ಳಿ ಎಂಬುದನ್ನು ಚೀಟಿ ಎತ್ತುವ ರೀತಿಯಲ್ಲಿ, ಸಂಶೋಧಕರ ಇಷ್ಟಾನಿಷ್ಟಗಳಿಗೆ ಜಾಗವಿಲ್ಲದಂತೆ ಆರಿಸುತ್ತಾರೆ.

ಸಂಖ್ಯೆಯೂ ಮನಸ್ಸಿಗೆ ಬಂದಂತೆ ಇಡುವಂಥದ್ದಲ್ಲ. ಮಾತ್ರೆಯ ಪ್ರಶ್ನೆಗೆ ಹೋಗುವ ಮೊದಲು ರಕ್ತಹೀನತೆಯ ಪ್ರಮಾಣವನ್ನೇ ಅಳೆಯುತ್ತೇವೆ ಎನ್ನೋಣ. ಅದು ಶೇ 52ರ ಸುಮಾರಿಗೆ ಇರಬಹುದೆಂದು ಹಿಡಿದು, ನಮ್ಮ ಉತ್ತರದಲ್ಲಿ ಐದು ಶೇಕಡಾ ಅಂಶಗಳ ಹೆಚ್ಚುಕಡಿಮೆ ಇದ್ದರೆ ಅಡ್ಡಿಯಿಲ್ಲ ಎಂದುಕೊಂಡರೆ, ರೂಢಿಯ ಸೂತ್ರದ ಪ್ರಕಾರ 384 ಮಂದಿ ಸಾಕು. ಹೆಚ್ಚುಕಡಿಮೆ ಮೂರೇ ಅಂಶ ಇರಬೇಕೆಂದರೆ 1,066 ಮಂದಿ ಬೇಕು. ಅಂದರೆ ಉತ್ತರ ಸ್ವಲ್ಪ ಹೆಚ್ಚು ನಿಖರವಾಗಲು ಶ್ರಮ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಒಂದೇ ಹಳ್ಳಿಯವರ ಊಟ, ನೀರು, ಆಸ್ಪತ್ರೆ ಒಂದೇ ಆಗಿರುವುದರಿಂದ ಅವರ ಉತ್ತರಗಳೂ ಒಂದನ್ನೊಂದು ಹೋಲುತ್ತವೆ. ಹಳ್ಳಿ ಹಳ್ಳಿಯಾಗಿ ಆರಿಸಿದಾಗ ಈ ಕೊರತೆ ತುಂಬಲು ಸಂಖ್ಯೆಯನ್ನು ಸಾಮಾನ್ಯವಾಗಿ ದುಪ್ಪಟ್ಟು ಮಾಡುತ್ತಾರೆ. 384 ಆಗ 768 ಆಯಿತು. ಮನೆಯಲ್ಲಿ ಸಿಗದವರು, ಬೇಡವೆನ್ನುವವರು ನೂರಕ್ಕೆ ಹತ್ತು ಮಂದಿ ಇರಬಹುದೆಂದು ಸೇರಿಸಿದರೆ 850ರ ಆಸುಪಾಸಿಗೆ ಬರುತ್ತದೆ.

ಬಯಲು ಪ್ರದೇಶದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿ ಸುಮಾರು 30,000 ಜನ. ಸಾವಿರಕ್ಕೆ 16ರ ಜನನ ದರ ಹಿಡಿದರೆ ಅಲ್ಲಿ ವರ್ಷಕ್ಕೆ 480 ಹೆರಿಗೆಗಳಾಗುತ್ತವೆ, ಒಂದು ಹೊತ್ತಿಗೆ ಗರ್ಭಿಣಿಯರಾಗಿರುವವರು ಇನ್ನೂ ಕಡಿಮೆ. ಆದ್ದರಿಂದ ಮೂರು ನಾಲ್ಕು ಕೇಂದ್ರಗಳ ವ್ಯಾಪ್ತಿಯನ್ನಾದರೂ ಸುತ್ತಲೇಬೇಕು. ‘ನೂರು ಜನರನ್ನು ಕೇಳಿದ್ದೇನೆ, ಸಾಲದೇ’ ಎಂಬ ಮಾತನ್ನು ಸಮಿತಿ ಏಕೆ ಒಪ್ಪುವುದಿಲ್ಲ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಅಳತೆ ಸರಿಯಿದೆಯೇ?

ಬೆರಳಿನ ತುದಿಯಿಂದ ಹನಿ ರಕ್ತ ತೆಗೆದು ಸಣ್ಣ ಯಂತ್ರದಲ್ಲಿಟ್ಟರೆ ಹಿಮೋಗ್ಲೋಬಿನ್ ಪ್ರಮಾಣ ಕಾಣುತ್ತದೆ. ನೋಡಲು ಸುಲಭ. ಆದರೆ ಮೊದಲ ಹನಿಯನ್ನು ಒರೆಸಿ ನಂತರದ್ದನ್ನು ತೆಗೆದುಕೊಳ್ಳಬೇಕು; ರಕ್ತ ಬರಲಿಲ್ಲವೆಂದು ಬೆರಳನ್ನು ಒತ್ತಿ ಹಿಂಡಿದರೆ ಚರ್ಮದಡಿಯ ದ್ರವ ಬೆರೆತು ರಕ್ತ ತೆಳುವಾಗುತ್ತದೆ, ರಕ್ತಹೀನತೆ ಇಲ್ಲದವರಿಗೂ ಇದೆಯೆಂದು ತೋರಿಸುತ್ತದೆ. ಅಳತೆಗೋಲೂ ಚರ್ಚೆಯ ವಿಷಯವೇ. ಗರ್ಭಿಣಿಯರಿಗೆ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂಬುದು ಬಹುಕಾಲದ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಎರಡನೆಯ ತ್ರೈಮಾಸಿಕಕ್ಕೆ ಇದನ್ನು 10.5 ಮಾಡಿತು. ಯಾವುದನ್ನು ಬಳಸಿದೆವು ಎಂದು ಮೊದಲೇ ಘೋಷಿಸದಿದ್ದರೆ ಫಲಿತಾಂಶ ನೋಡಿ ಅನುಕೂಲದ್ದನ್ನು ಆರಿಸಿದ ಅನುಮಾನ ಬರುತ್ತದೆ.

ಪ್ರಶ್ನಾವಳಿಗೂ ಇದೇ ಮಾತು. ಬೇರೆಡೆ ಸಿದ್ಧವಾದ ಪ್ರಶ್ನಾವಳಿ ‘ವಾರದಲ್ಲಿ ಎಷ್ಟು ದಿನ ಸೊಪ್ಪಿನ ಅಡುಗೆ ಮಾಡುತ್ತೀರಿ’ ಎಂದು ಕೇಳುತ್ತದೆ. ನಮ್ಮ ಕಡೆ ರೊಟ್ಟಿಯ ಜೊತೆಗೆ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲವನ್ನು ಹಸಿಯಾಗಿಯೇ ತಿನ್ನುವುದು ರೂಢಿ. ಅದು ಅಡುಗೆಯ ಲೆಕ್ಕಕ್ಕೆ ಬಾರದೆ ಉತ್ತರ ‘ಒಂದು ದಿನ’ ಎಂದಾಗಿಬಿಡುತ್ತದೆ. ಊಟದ ಜೊತೆ ಅಥವಾ ಊಟವಾದ ಕೂಡಲೇ ಚಹಾ ಕುಡಿಯುವುದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ಅದನ್ನೂ ಕೇಳಿರಬೇಕು. ಅದಕ್ಕಾಗಿಯೇ ಮುಖ್ಯ ಸಮೀಕ್ಷೆಗೆ ಮೊದಲು ಬೇರೊಂದು ಹಳ್ಳಿಯಲ್ಲಿ ಕೆಲವೇ ಮಂದಿಯ ಮೇಲೆ ಪ್ರಶ್ನಾವಳಿಯನ್ನು ಪ್ರಯೋಗಿಸಿ ತಿದ್ದಿಕೊಳ್ಳುತ್ತಾರೆ. ‘ಏಕೆ ಬಿಟ್ಟಿರಿ’ ಎಂಬಂಥ ಪ್ರಶ್ನೆಗೆ ಹೌದು-ಇಲ್ಲದ ಉತ್ತರ ಸಾಲದು. ಗರ್ಭಿಣಿಯರೊಡನೆ, ಅವರ ಅತ್ತೆಯಂದಿರೊಡನೆ ಕುಳಿತು ವಿವರವಾಗಿ ಮಾತನಾಡಿ, ಮಾತುಗಳನ್ನು ಬರೆದುಕೊಂಡು ವಿಶ್ಲೇಷಿಸುವ ಗುಣಾತ್ಮಕ ವಿಧಾನ ಬೇಕು. ಈ ವಿಧಾನವನ್ನು ಕಡಿಮೆ ದರ್ಜೆಯದೆಂದು ಭಾವಿಸುವುದು ಸರಿಯಲ್ಲ.

ನೈತಿಕ ಸಮಿತಿಯ ಒಪ್ಪಿಗೆ

ಮನುಷ್ಯರ ಮೇಲೆ ನಡೆಯುವ ಯಾವ ಆರೋಗ್ಯ ಸಂಶೋಧನೆಯೂ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆಗೆ ಮೊದಲು ಆರಂಭವಾಗುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು; ವೈದ್ಯರ ಜೊತೆಗೆ ಕಾನೂನು ಬಲ್ಲವರೂ ಜನಸಾಮಾನ್ಯರ ಪರವಾಗಿ ಒಬ್ಬರೂ ಇರಬೇಕು.

ಭಾಗವಹಿಸುವವರಿಗೆ ಅವರದೇ ಭಾಷೆಯಲ್ಲಿ ಮಾಹಿತಿ ಪತ್ರ ಕೊಟ್ಟು, ಓದಿ ಹೇಳಿ, ಸಮ್ಮತಿ ಪಡೆಯಬೇಕು. ಓದು ಬಾರದವರಿಂದ ಹೆಬ್ಬೆರಳಿನ ಗುರುತನ್ನು ಪಡೆಯುವಾಗ ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಸರಿದರೆ ಸಿಗುತ್ತಿರುವ ಚಿಕಿತ್ಸೆಗೆ ತೊಂದರೆಯಿಲ್ಲ ಎಂಬುದು ಅದರಲ್ಲಿರಬೇಕು. ಕಾಗದದ ಮೇಲೆ ಇದಿಷ್ಟು ಸರಳ. ಆದರೆ ಸಂಶೋಧಕರ ಜೊತೆ ಊರಿನ ಆಶಾ ಕಾರ್ಯಕರ್ತೆಯೇ ಮನೆಯೊಳಗೆ ಬಂದು ನಿಂತಾಗ ಗರ್ಭಿಣಿಯಾದವಳು ‘ಒಲ್ಲೆ’ ಎನ್ನುವುದು ಕಷ್ಟ. ನಾಳೆ ಆಂಬುಲೆನ್ಸ್‌ಗೂ ಹೆರಿಗೆಗೂ ಅವರನ್ನೇ ಕರೆಯಬೇಕು. ಆ ದಾಕ್ಷಿಣ್ಯದಲ್ಲಿ ಬಂದ ಒಪ್ಪಿಗೆ ಸಮ್ಮತಿಯಲ್ಲ. ಮನೆ ತೋರಿಸಿದ ಮೇಲೆ ಆಶಾ ಅವರು ಹೊರಗುಳಿಯುವಂತೆ ಯೋಜಿಸುವುದು ಸಣ್ಣ ಸಂಗತಿಯಾದರೂ ಮುಖ್ಯವಾದದ್ದು.

ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆ ಬಂದರೆ ಅದು ತೀವ್ರ ರಕ್ತಹೀನತೆ. ಅಂಕಿಯನ್ನು ಬರೆದುಕೊಂಡು ಹೊರಟುಬಿಡುವಂತಿಲ್ಲ. ಅಂದೇ ಆಕೆಗೆ ತಿಳಿಸಿ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯನ್ನು ಸಿನಾಪ್ಸಿಸ್‌ನಲ್ಲಿಯೇ ಬರೆದಿರಬೇಕು.

ಕ್ಷೇತ್ರಕಾರ್ಯದಲ್ಲಿ ಕೈತಪ್ಪುವವರು

ಒಂದೇ ಸಲ ಭೇಟಿ ಮಾಡಿ ಮಾಹಿತಿ ಪಡೆಯುವುದಕ್ಕಿಂತ, ಅದೇ ಗರ್ಭಿಣಿಯರನ್ನು ಹೆರಿಗೆಯವರೆಗೆ ಹಿಂಬಾಲಿಸುವ ಅಧ್ಯಯನದ ಬೆಲೆ ಹೆಚ್ಚು, ಏಕೆಂದರೆ ಮಾತ್ರೆ ಬಿಟ್ಟದ್ದು ಮೊದಲೋ ರಕ್ತ ಕಡಿಮೆಯಾದದ್ದು ಮೊದಲೋ ಎಂಬುದು ತಿಳಿಯುತ್ತದೆ. ತೊಡಕೂ ಅಲ್ಲಿಯೇ. ಚೊಚ್ಚಲ ಬಸುರಿ ಏಳನೆಯ ತಿಂಗಳಿಗೋ ಸೀಮಂತವಾದ ಮೇಲೋ ತವರಿಗೆ ಹೋಗುತ್ತಾಳೆ. ಕುಂದಗೋಳದ ಸೊಸೆಯ ಹೆರಿಗೆ ನವಲಗುಂದದಲ್ಲೋ ಶಿಗ್ಗಾವಿಯಲ್ಲೋ ಆಗುತ್ತದೆ, ಬಾಣಂತನ ಮುಗಿಸಿ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಹೋದವರು ಬಹುಪಾಲು ಚೊಚ್ಚಲಿನವರು, ಉಳಿದವರು ಎರಡನೆಯ ಮೂರನೆಯ ಬಸುರಿನವರು ಎಂದಾದರೆ ಕೊನೆಗೆ ದೊರೆತ ಉತ್ತರ ಎಲ್ಲರದ್ದಲ್ಲ. ಆದ್ದರಿಂದ ಮೊದಲ ಭೇಟಿಯಲ್ಲಿಯೇ ಸಮ್ಮತಿಯೊಂದಿಗೆ ತವರಿನ ಊರು ಮತ್ತು ಫೋನ್ ನಂಬರನ್ನು ಬರೆದುಕೊಳ್ಳಬೇಕು, ತಾಯಿ ಕಾರ್ಡಿನ ಮೂಲಕ ಅಲ್ಲಿನ ಹೆರಿಗೆಯ ವಿವರ ಪಡೆಯಬೇಕು. ಮುಂಗಾರು ಬಿತ್ತನೆಯ ದಿನಗಳಲ್ಲಿ ಹಗಲು ಮನೆಗಳಿಗೆ ಬೀಗವಿರುತ್ತದೆ ಎಂಬುದನ್ನೂ ವೇಳಾಪಟ್ಟಿಯಲ್ಲಿ ಗಮನಿಸಬೇಕು.

ಮಹಾಪ್ರಬಂಧ ಮತ್ತು ವೈವಾ

ಮಾಹಿತಿಯ ವಿಶ್ಲೇಷಣೆ ಮುಗಿದ ಮೇಲೆ ಮಹಾಪ್ರಬಂಧ ಬರೆದು, ಸಲ್ಲಿಸುವ ಮೊದಲು ವಿಭಾಗದಲ್ಲಿ ಎಲ್ಲರೆದುರು ಮಂಡಿಸಬೇಕು. ನಕಲು ತಪಾಸಣೆ ಕಡ್ಡಾಯ. 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಪ್ರಬಂಧವು ಗೈಡ್ ಅಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ. ಅವರ ವರದಿ ಅನುಕೂಲವಾಗಿದ್ದರೆ ವೈವಾ, ಅಂದರೆ ಮೌಖಿಕ ಪರೀಕ್ಷೆ ನಡೆಯುತ್ತದೆ. 2016ರ ನಿಯಮದಲ್ಲಿದ್ದ ಲೇಖನ ಪ್ರಕಟಣೆಯ ಕಡ್ಡಾಯವನ್ನು 2022ರಲ್ಲಿ ಯುಜಿಸಿ ಕೈಬಿಟ್ಟಿದ್ದರೂ ವಿಶ್ವವಿದ್ಯಾಲಯಗಳು ತಮ್ಮ ಮಟ್ಟದಲ್ಲಿ ಅದನ್ನು ಕೇಳಬಹುದು. ಹಣ ಕೊಟ್ಟವರ ಲೇಖನವನ್ನೆಲ್ಲ ಅಚ್ಚು ಮಾಡುವ ನಿಯತಕಾಲಿಕಗಳ ಬಲೆಗೆ ಬೀಳದಂತೆ ಎಚ್ಚರ ಬೇಕು.

ಕೋರ್ಸ್‌ವರ್ಕ್ ಸೇರಿ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗುತ್ತದೆ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಹೆಚ್ಚಿನ ಸಡಿಲಿಕೆಯಿದ್ದು ಒಟ್ಟು ಹತ್ತು ವರ್ಷದವರೆಗೆ ಹೋಗಬಹುದು. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯಿದೆ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್ ದೊರೆತವರಿಗೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಸಿಗುತ್ತದೆ. ಅದಿಲ್ಲದವರು ಹಿಮೋಗ್ಲೋಬಿನ್ ಅಳೆಯುವ ಯಂತ್ರದ ಸ್ಟ್ರಿಪ್, ಓಡಾಟ, ಸಹಾಯಕರ ಕೂಲಿ ಇವುಗಳ ಖರ್ಚನ್ನು ಸಿನಾಪ್ಸಿಸ್ ಬರೆಯುವಾಗಲೇ ಲೆಕ್ಕ ಹಾಕಿಕೊಳ್ಳಬೇಕು. 850 ಗರ್ಭಿಣಿಯರ ರಕ್ತ ಪರೀಕ್ಷೆ ಎಂದರೆ 850 ಸ್ಟ್ರಿಪ್, ಹಾಳಾಗುವವು ಬೇರೆ.

ಮೌಲ್ಯಮಾಪನ ಮುಗಿದ ಮೇಲೆ, ಪದವಿ ಘೋಷಣೆಗೆ ಮೊದಲು, ವಿಶ್ವವಿದ್ಯಾಲಯವು ಪ್ರಬಂಧದ ಪ್ರತಿಯನ್ನು ‘ಶೋಧಗಂಗಾ’ ಎಂಬ ರಾಷ್ಟ್ರೀಯ ಜಾಲತಾಣಕ್ಕೆ ಸಲ್ಲಿಸಬೇಕು. ಅಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಬಂಧಗಳೂ ಸೇರಿ ಲಕ್ಷಾಂತರ ಪ್ರಬಂಧಗಳಿದ್ದು, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಪಿಎಚ್‌.ಡಿ. ಸೇರಲು ಯೋಚಿಸುತ್ತಿರುವವರು ತಮ್ಮ ಆಸಕ್ತಿಯ ವಿಷಯದ ಎರಡು ಮೂರು ಪ್ರಬಂಧಗಳ ‘ಸಂಶೋಧನಾ ವಿಧಾನ’ ಎಂಬ ಅಧ್ಯಾಯವನ್ನು ಅರ್ಜಿ ಹಾಕುವ ಮೊದಲೇ ಅಲ್ಲಿ ಓದಿ ನೋಡಬೇಕು.